‘ನಿಂತ ಲಾರಿಯ ಬ್ರೇಕ್ ದೋಷ ಪತ್ತೆಹಚ್ಚುವುದು’: ಲೇಖಕರಿಗೆ ನಮ್ಮ ಉತ್ತರ

ನಮಸ್ಕಾರ.

ಎರಡು ಮಳೆಗಾಲ ಬಯಲಲ್ಲಿ ನಿಂತಿದ್ದ ಹಳೆಯ ಟಾಟಾ 407ರ ಬ್ರೇಕ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ. ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ತುಕ್ಕು ಹಿಡಿದು ಕಚ್ಚಿಕೊಂಡ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ) ಬಿಡಿಸುವ ಭಾಗ, ಅಂದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಆಮೇಲೆ ಡ್ರಮ್ಮಿನ ಸುತ್ತ ತಟ್ಟುವ ಭಾಗ, ಕೆಲಸ ಬಲ್ಲ ಕೈ ಬರೆದದ್ದು. ಅದನ್ನು ಬದಲಿಸಬೇಡಿ. ಶೂ ಮೇಲಿನ ಉಜ್ಜುವ ಪದರವಾದ ಲೈನರಿನ ಪುಡಿಯನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬಾರದು ಎಂಬ ಒಂದು ಸಾಲನ್ನು ಮಾತ್ರ ಸೇರಿಸಿ. ಹಳೆಯ ಲೈನರಿನಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿಯೇ ತೆಗೆಯಬೇಕು.

ಇನ್ನು ತಪ್ಪುಗಳು. ಮೊದಲ ಪುಟದಲ್ಲಿ 407 ಎಂದಿದ್ದೀರಿ, ಮೂರನೇ ಪುಟದಲ್ಲಿ ‘ಏರ್ ಟ್ಯಾಂಕಿನ ನೀರು ಬಿಡಿ’ ಎಂದಿದ್ದೀರಿ. ಹಳೆಯ 407ಕ್ಕೆ ಏರ್ ಟ್ಯಾಂಕೇ ಇಲ್ಲ. ಅದರದ್ದು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್, ಜೊತೆಗೆ ಕಾಲಿನ ಬಲಕ್ಕೆ ನೆರವಾಗುವ ವ್ಯಾಕ್ಯೂಮ್ ಬೂಸ್ಟರ್. ಟ್ಯಾಂಕಿನ ನೀರು ಟಾಟಾ 1613ರಂಥ ಏರ್ ಬ್ರೇಕ್ (ಗಾಳಿಯ ಒತ್ತಡದ ಬ್ರೇಕ್) ಲಾರಿಯ ಮಾತು. ಎರಡನ್ನೂ ಬೆರೆಸಿದರೆ ಓದುಗ ಇಲ್ಲದ ಟ್ಯಾಂಕ್ ಹುಡುಕುತ್ತಾ ಕೂರುತ್ತಾನೆ.

‘ವೀಲ್ ಸಿಲಿಂಡರನ್ನು ಡೀಸೆಲ್‌ನಲ್ಲಿ ತೊಳೆಯಿರಿ’ ಎಂಬ ಸಾಲನ್ನು ನಾವು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ವೀಲ್ ಸಿಲಿಂಡರ್ ಎಂದರೆ ದ್ರವದ ಒತ್ತಡದಿಂದ ಶೂ ತಳ್ಳುವ, ಚಕ್ರದೊಳಗಿನ ಭಾಗ. ಡೀಸೆಲ್, ಪೆಟ್ರೋಲ್, ಇಂಜಿನ್ ಆಯಿಲ್, ಯಾವುದು ತಾಗಿದರೂ ಒಳಗೆ ದ್ರವ ಸೋರದಂತೆ ತಡೆಯುವ ರಬ್ಬರ್ ಕಪ್ ಊದಿ ಮೆತ್ತಗಾಗುತ್ತದೆ. ತೊಳೆಯಲು ಹೊಸ ಬ್ರೇಕ್ ಫ್ಲೂಯಿಡ್ ಅಥವಾ ಸ್ಪಿರಿಟ್ (ಆಲ್ಕೋಹಾಲ್) ಮಾತ್ರ. ಬ್ರೇಕ್ ಫ್ಲೂಯಿಡನ್ನು ಗ್ಯಾರೇಜಿನಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಅಂತಲೇ ಕರೆಯುತ್ತೇವೆ. ಆದರೆ ಬರಹದಲ್ಲಿ ಒಮ್ಮೆಯಾದರೂ ‘ಡಾಟ್ 3 ಅಥವಾ ಡಾಟ್ 4 ಫ್ಲೂಯಿಡ್, ಬೇರೆ ಯಾವ ಆಯಿಲೂ ಅಲ್ಲ’ ಎಂದು ಬಿಡಿಸಿ ಹೇಳಿ (ಡಾಟ್ ಎಂಬುದು ಫ್ಲೂಯಿಡಿನ ದರ್ಜೆ). ಅದು ನೀರು ಹೀರುವ ದ್ರವ ಎಂಬುದನ್ನೂ ಅಲ್ಲೇ ಹೇಳಿ. ಡಾಟ್ 3ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್. ಶೇ. 3.7ರಷ್ಟು ನೀರು ಸೇರಿದರೆ ಅದು 140ಕ್ಕೆ ಇಳಿಯುತ್ತದೆ. ನಿಂತ ಗಾಡಿಯ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬೀಳುವುದೂ ಈ ನೀರಿನಿಂದಲೇ.

ದೊಡ್ಡ ಕೊರತೆ ಬೇರೆಯೇ ಇದೆ. ಶೀರ್ಷಿಕೆಯಲ್ಲಿ ‘ಪತ್ತೆಹಚ್ಚುವುದು’ ಎಂದಿದೆ, ಒಳಗೆ ಪತ್ತೆಯೇ ಇಲ್ಲ. ಮೂರನೇ ಪ್ಯಾರಾಕ್ಕೆಲ್ಲ ಗಾಡಿ ಪೂರ್ತಿ ಬಿಚ್ಚಿಹಾಕಿದ್ದೀರಿ. ಪೆಡಲ್ ಹೇಗಿತ್ತು? ‘ಬ್ರೇಕ್ ಸರಿಯಿರಲಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ. ಎರಡನೇ ಸಲ ತುಳಿದಾಗ ಮೇಲೆ ಬಂದರೆ ಶೂ ಅಡ್ಜಸ್ಟ್‌ಮೆಂಟ್ ಸಡಿಲ. ಎಲ್ಲೂ ಸೋರದೆ, ಒತ್ತಿ ಹಿಡಿದಾಗ ನಿಧಾನವಾಗಿ ಕುಸಿದರೆ ಪೆಡಲಿನ ತುಳಿತವನ್ನು ದ್ರವದ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನ ಕಪ್ ಹೋಗಿದೆ. ಕಲ್ಲಿನಂತೆ ಗಟ್ಟಿಯಿದ್ದರೆ ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿದು, ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿಯದಿದ್ದರೆ ಬೂಸ್ಟರ್, ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪ್, ನಡುವಿನ ಹೋಸ್, ಈ ಮೂರರಲ್ಲೊಂದು ಕೆಟ್ಟಿದೆ. ಮೊದಲು ಹೋಸ್ ನೋಡಿ, ಬಿಸಿಲಿಗೆ ಸೀಳುವುದು ಅದೇ.

ಇಷ್ಟಕ್ಕೂ ಮುಂಚೆ ಪೆಡಲ್ ಕೆಳಗೆ ಎರಡು ಇಂಚಿನ ಮರದ ತುಂಡು ಇಡಲು ಹೇಳಿ. ನೀವು ‘ನೆಲಕ್ಕೆ ತಾಗುವವರೆಗೆ ಜೋರಾಗಿ ಪಂಪ್ ಮಾಡಿ’ ಎಂದು ಬರೆದಿದ್ದೀರಿ. ದಿನಾ ಓಡುವಾಗ ಕಪ್ ಸವರದ ಜಾಗ ಸಿಲಿಂಡರಿನ ಮುಂದಿನ ತುದಿಯಲ್ಲಿದೆ, ತುಕ್ಕು ಕೂತಿರುವುದೂ ಅಲ್ಲೇ. ನೆಲದವರೆಗೆ ತುಳಿದರೆ ಕಪ್ಪಿನ ಅಂಚು ಆ ಗುಳಿಗಳ ಮೇಲೆ ಉಜ್ಜಿ ಹರಿಯುತ್ತದೆ. ಬೆಳಿಗ್ಗೆ ಸರಿಯಿದ್ದ ಮಾಸ್ಟರ್ ಸಿಲಿಂಡರ್ ಸಂಜೆಗೆ ಹಾಳು.

ನೀವು ಒಂದೇ ವಾಕ್ಯದಲ್ಲಿ ಮುಗಿಸಿದ ‘ಮುಂದಿನ ಎಡಚಕ್ರ ಹಿಡಿದುಕೊಂಡಿತ್ತು, ಸಿಲಿಂಡರ್ ಬದಲಿಸಿದೆ’ ಎಂಬುದು ಲೇಖನದ ನಡುಮನೆ ಆಗಬೇಕು. ಅದನ್ನು ಹೀಗೆ ಬಿಡಿಸಿ. ಚಕ್ರ ಜಾಕಿ ಮೇಲಿದೆ, ಪೆಡಲ್ ತುಳಿದು ಬಿಟ್ಟಿದ್ದಾಯಿತು, ಚಕ್ರ ತಿರುಗುತ್ತಿಲ್ಲ. ಈಗ ಆ ಚಕ್ರಕ್ಕೆ ಫ್ಲೂಯಿಡ್ ಒಯ್ಯುವ ರಬ್ಬರ್ ಹೋಸಿನ ಮೇಲ್ತುದಿಯಲ್ಲಿ ಸ್ಟೀಲ್ ಪೈಪ್ ಕೂಡುವ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಚಕ್ರ ಬಿಟ್ಟರೆ ಒತ್ತಡ ಉಳಿದದ್ದು ಮೇಲೆ: ಮಾಸ್ಟರ್ ಸಿಲಿಂಡರಿನ ಫ್ಲೂಯಿಡ್ ವಾಪಸಾಗುವ ಸಣ್ಣ ರಂಧ್ರ ಕೆಸರಿನಿಂದ ಮುಚ್ಚಿದೆ, ಇಲ್ಲವೇ ಮಾಸ್ಟರ್ ಸಿಲಿಂಡರನ್ನು ತಳ್ಳುವ ಪುಶ್‌ರಾಡಿಗೆ ಫ್ರೀ ಪ್ಲೇ (ಸ್ವಲ್ಪ ಸಡಿಲು) ಇಲ್ಲ. ಬಿಡದಿದ್ದರೆ ನಟ್ ಬಿಗಿದು, ಚಕ್ರದ ಬಳಿ ಗಾಳಿ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್ ತೆರೆಯಿರಿ. ಫ್ಲೂಯಿಡ್ ಚಿಮ್ಮಿ ಚಕ್ರ ತಿರುಗಿದರೆ ಹೋಸ್ ಒಳಗೇ ಊದಿಕೊಂಡಿದೆ: ಕಾಲಿನ ಒತ್ತಡ ಒಳಗೆ ಹೋಗುತ್ತದೆ, ಸ್ಪ್ರಿಂಗಿನ ಬಲಕ್ಕೆ ವಾಪಸ್ ಬರುವುದಿಲ್ಲ. ಹೊರಗೆ ಬಿರುಕೇ ಕಾಣದಿರಬಹುದು. ಆಗಲೂ ತಿರುಗದಿದ್ದರೆ ಮಾತ್ರ ಜಾಮಾದ ಪಿಸ್ಟನ್, ಮುರಿದ ಸ್ಪ್ರಿಂಗ್, ಅಂಟಿದ ಶೂ ಹುಡುಕಬೇಕು. ಈ ಕ್ರಮ ತಪ್ಪಬಾರದು. ನಿಪ್ಪಲ್ ಮೊದಲು ತೆರೆದರೆ ಒತ್ತಡ ಇಳಿದು ಸುಳಿವೇ ಅಳಿಸಿಹೋಗುತ್ತದೆ.

ಇದೆಲ್ಲ ಆದ ಮೇಲೆ ಲೈನಿನೊಳಗೆ ಸೇರಿದ ಏರ್ ತೆಗೆಯಲೇಬೇಕು. ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟು ರಿಂಗ್ ಸ್ಪ್ಯಾನರ್‌ನಿಂದಲೇ ಬಿಚ್ಚಲು ಹೇಳಿ.

ಪೆಡಲ್‌ನಿಂದ ಆರಂಭಿಸಿ ಬರೆದು ಕಳಿಸಿ. ಹೋಸಿನ ಮೇಲ್ತುದಿಯ ಆ ನಟ್ಟಿನ ಫೋಟೋ ಒಂದು ಜೊತೆಗಿರಲಿ. ಹೊಸಬರಿಗೆ ಅದು ಎಲ್ಲಿದೆ ಎಂದು ಮಾತಿನಲ್ಲಿ ತೋರಿಸುವುದು ಕಷ್ಟ.