ಹಳೇ ಹಂಚಿನ ಕಾರ್ಖಾನೆಗೆ ಸಿಮೆಂಟ್ ಬೇಡ

ಮಂಗಳೂರಿನ ಹಳೇ ಹಂಚಿನ ಕಾರ್ಖಾನೆಯನ್ನು ಕೆಫೆ ಮಾಡಲು ಹೊರಟಿದ್ದೀರಿ, ತೇವ ಹಿಡಿದ ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು, ಕಲ್ಲೇ ಉದುರಲು ಶುರುವಾಗುತ್ತದೆ. ಸುಣ್ಣದ ಗಾರೆಯನ್ನೇ ಹಾಕಿಸಿ. ಒಣಗುವುದು ತಡ, ಖರ್ಚೂ ಸ್ವಲ್ಪ ಜಾಸ್ತಿ.

ಆದರೆ ಮೊದಲು ಮಾಡನ್ನು, ಅಂದರೆ ಛಾವಣಿಯನ್ನು ನೋಡಿ. ಒಡೆದ ಹಂಚು ಬದಲಿಸದೆ ಗೋಡೆ ಮುಟ್ಟಿದರೆ ಸುಮ್ನೆ ದುಡ್ಡು ದಂಡ, ಅಲ್ವಾ? ತೊಲೆಯ ತುದಿ ಗೋಡೆಯೊಳಗೆ ಕೂರುವ ಕಡೆ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಹಾಗಂತ ಪೂರ್ತಿ ತೊಲೆ ಎಸೆಯಬೇಡಿ, ಒಳ್ಳೆ ಬಡಗಿ ತುದಿಗಷ್ಟೇ ಹೊಸ ಮರ ಜೋಡಿಸುತ್ತಾನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಈ ಊರಲ್ಲಿ ಶುರುಮಾಡಿದ ಕಸುಬು ಈ ಹಂಚಿನದು. ಕಾರ್ಖಾನೆ ಹೆಸರು ಒತ್ತಿರುವ ಹಳೇ ಹಂಚು ಸಿಕ್ಕಿದರೆ ಗುಜರಿಗೆ ಹಾಕದೆ ಎತ್ತಿಡಿ.