ಪಾಲಿಸಿ ಸಿಕ್ಕಿತು, ದರ ಸಿಗಲಿಲ್ಲ

ಪ್ರಶ್ನೆ: ಅಮೆರಿಕದ ಸಣ್ಣ ಕಂಪನಿಗಳಲ್ಲಿ ಒಬ್ಬ ನೌಕರನಿಗೆ ದೊಡ್ಡ ಕಾಯಿಲೆ ಬಂದರೆ ಎಲ್ಲರ ಆರೋಗ್ಯ ವಿಮೆಯ ಪ್ರೀಮಿಯಂ ಏರುತ್ತಿತ್ತಂತೆ. ಅದಕ್ಕೆ ತಡೆ ಬಿದ್ದದ್ದು 1996ರ ಹಿಪಾ ಕಾಯ್ದೆಯಿಂದಲೇ?

ಉತ್ತರ: ಅರ್ಧ ಮಾತ್ರ. 2ರಿಂದ 50 ನೌಕರರಿರುವ ಕಂಪನಿ ಕೇಳಿದರೆ, ಆ ಮಾರುಕಟ್ಟೆಯಲ್ಲಿರುವ ವಿಮಾ ಸಂಸ್ಥೆ ಪಾಲಿಸಿ ಕೊಡಲೇಬೇಕು, ನವೀಕರಿಸಲೇಬೇಕು ಎಂದಿತು ಹಿಪಾ. ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುವ ಅವಧಿಗೆ 12 ತಿಂಗಳ ಮಿತಿ ಹಾಕಿತು. ತಡವಾಗಿ ಸೇರಿದವರಿಗೆ 18. ಹಿಂದಿನ ವಿಮೆಯಲ್ಲಿ ಕಳೆದ ಕಾಲವನ್ನು ಇದರಿಂದ ಕಳೆಯಬೇಕಿತ್ತು. ಆದರೆ ನಡುವೆ 63 ದಿನ ವಿಮೆ ಇಲ್ಲದಿದ್ದರೆ ಆ ರಿಯಾಯಿತಿ ಕೈತಪ್ಪುತ್ತಿತ್ತು; ಕೆಲಸ ಬದಲಿಸುವವರು ಎಡವುತ್ತಿದ್ದದ್ದು ಇಲ್ಲೇ.

ಇಡೀ ಕಂಪನಿಗೆ ಎಷ್ಟು ದರ ಹಾಕಬಹುದು ಎಂಬ ವಿಷಯದಲ್ಲಿ ಮಾತ್ರ ಹಿಪಾ ಬಾಯಿಬಿಡಲಿಲ್ಲ. ವಿಮೆಯ ನಿಯಂತ್ರಣ 1945ರ ಮೆಕ್‌ಕ್ಯಾರನ್-ಫರ್ಗ್ಯುಸನ್ ಕಾಯ್ದೆಯಿಂದಲೇ ರಾಜ್ಯಗಳ ಪಾಲಾಗಿತ್ತು. ರಾಜ್ಯಗಳ ವಿಮಾ ಕಮಿಷನರ್‌ಗಳ ಸಂಘ 1990ರ ದಶಕದ ಆರಂಭದಲ್ಲಿ ರೂಪಿಸಿದ ಮಾದರಿ ಕಾನೂನಿನಲ್ಲಿ ನಡು ದರದಿಂದ ಆಚೀಚೆ ಶೇ. 25ರಷ್ಟು ಏರಿಳಿತಕ್ಕೆ ಅವಕಾಶವಿತ್ತು. ನಡು ದರ 100 ಡಾಲರ್ ಆದರೆ, ಒಂದೇ ಬಗೆಯ ಎರಡು ಕಂಪನಿಗಳಲ್ಲಿ ಆರೋಗ್ಯವಂತರದ್ದಕ್ಕೆ 75, ಕಾಯಿಲೆಯವರದ್ದಕ್ಕೆ 125. ನ್ಯೂಯಾರ್ಕ್ 1993ರ ಏಪ್ರಿಲ್‌ನಿಂದ ದರ ಹಾಕುವಾಗ ಆರೋಗ್ಯವನ್ನಷ್ಟೇ ಅಲ್ಲ, ವಯಸ್ಸನ್ನೂ ನೋಡಕೂಡದು ಎಂದಿತು. ಇಷ್ಟು ದೂರ ಹೋದ ರಾಜ್ಯಗಳು ಕಡಿಮೆ.

ದೇಶವ್ಯಾಪಿ ತಡೆ ಬಂದದ್ದು 2010ರ ಅಫೋರ್ಡಬಲ್ ಕೇರ್ ಕಾಯ್ದೆಯಿಂದ, ಜಾರಿಯಾದದ್ದು 2014ರಲ್ಲಿ. ದರ ಬದಲಾಗಲು ಈಗ ನಾಲ್ಕೇ ಕಾರಣ: ವಯಸ್ಸು (ವಯಸ್ಕರಲ್ಲಿ ಹೆಚ್ಚೆಂದರೆ ಮೂರು ಪಟ್ಟು), ತಂಬಾಕು (ಒಂದೂವರೆ ಪಟ್ಟು), ಪ್ರದೇಶ, ಕುಟುಂಬದ ಗಾತ್ರ.

ಪ್ರಶ್ನೆ: ಹಾಗಿದ್ದರೆ ಇಂದಿಗೂ ಕೆಲವು ಸಣ್ಣ ಕಂಪನಿಗಳ ನೌಕರರಿಂದ ಆರೋಗ್ಯದ ಪ್ರಶ್ನಾವಳಿ ತುಂಬಿಸಿಕೊಳ್ಳುವುದೇಕೆ?

ಉತ್ತರ: ಅದು ಬಹುಶಃ ‘ಲೆವೆಲ್ ಫಂಡೆಡ್’ ಯೋಜನೆ. ಕಂಪನಿಯೇ ಚಿಕಿತ್ಸಾ ವೆಚ್ಚ ಹೊತ್ತು, ಮಿತಿ ಮೀರಿದ ಮೊತ್ತಕ್ಕೆ ‘ಸ್ಟಾಪ್‌ಲಾಸ್’ ವಿಮೆ ಕೊಳ್ಳುತ್ತದೆ. ಹೀಗೆ ತಾನೇ ಹಣ ಹೊಂದಿಸುವ ಯೋಜನೆಯನ್ನು 1974ರ ಎರಿಸಾ ಕಾಯ್ದೆ (ನೌಕರರ ಸೌಲಭ್ಯ ಯೋಜನೆಗಳ ಒಕ್ಕೂಟ ಕಾನೂನು) ರಾಜ್ಯಗಳ ವಿಮಾ ಕಾನೂನಿನಿಂದ ಹೊರಗಿಟ್ಟಿದೆ. 2014ರ ದರ ನಿಯಮವೂ ಅದಕ್ಕಿಲ್ಲ. ದೊಡ್ಡ ಕಂಪನಿಗಳಿಗೆ ಒಪ್ಪುವ ಈ ಬಾಗಿಲಿನಿಂದ ಹತ್ತು ಜನರ ಕಂಪನಿ ನುಗ್ಗುವುದು, ನಮ್ಮ ಅಭಿಪ್ರಾಯದಲ್ಲಿ, ಹಳೆಯ ರೋಗದ ಮರುಕಳಿಕೆ. ಮೊದಲ ವರ್ಷ ಅಗ್ಗ. ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ನವೀಕರಣದಲ್ಲಿ ಸ್ಟಾಪ್‌ಲಾಸ್ ದರ ಏರುತ್ತದೆ, ಇಲ್ಲವೇ ಆ ಒಬ್ಬರಿಗಷ್ಟೇ ಮಿತಿಯನ್ನು ಹಿಗ್ಗಿಸಿ ಭಾರವನ್ನು ಕಂಪನಿಯ ಮೇಲೆ ಹಾಕುತ್ತಾರೆ. ಆಗ ಕಂಪನಿ ಸಾಮಾನ್ಯ ಮಾರುಕಟ್ಟೆಗೆ ಮರಳುತ್ತದೆ. ಅಲ್ಲಿದ್ದವರ ದರವೂ ಏರುತ್ತದೆ. ಸಣ್ಣ ಕಂಪನಿಗೆ ಸ್ಟಾಪ್‌ಲಾಸ್ ಮಾರುವುದನ್ನು ನ್ಯೂಯಾರ್ಕ್ ನಿಷೇಧಿಸಿರುವುದು ಇದಕ್ಕೇ.

ಸಹಿ ಹಾಕುವ ಮುನ್ನ ಕೇಳಬೇಕಾದ್ದು: ಒಪ್ಪಂದ ಮುಗಿದ ಮೇಲೆ ಬರುವ ಹಳೆಯ ಬಿಲ್ಲುಗಳನ್ನು ಯಾರು ಕಟ್ಟುತ್ತಾರೆ, ಎಷ್ಟು ತಿಂಗಳವರೆಗೆ?