ಕಲಾವಿದರಾಗದವರಿಗೆ ಕಲೆಯಿಂದ ಸಿಗುವುದೇನು? ಕಾಸರಗೋಡಿನಿಂದ ಒಂದು ಉತ್ತರ

ಮಗಳು ಸಂಗೀತ ಕಲಿಯುತ್ತಿದ್ದಾಳೆ, ಮುಂದೆ ಗಾಯಕಿಯಾಗುವ ಲಕ್ಷಣವೇನೂ ಕಾಣುವುದಿಲ್ಲ, ಹಾಗಿದ್ದ ಮೇಲೆ ವಾರದ ಇಷ್ಟೊಂದು ಸಂಜೆಗಳನ್ನು ಅದಕ್ಕೆ ಕೊಡಬೇಕಾ ಎಂದು ಕೇಳಿದ್ದೀರಿ. ಸಂಗೀತ, ನಾಟಕ, ಕುಣಿತ ಬದುಕನ್ನು ರೂಪಿಸುತ್ತವೆ ಅನ್ನುವುದು ನಿಜವಾ, ಅಥವಾ ಬರೀ ಸಭೆಯಲ್ಲಿ ಆಡುವ ಮಾತಾ ಎಂದೂ ಕೇಳಿದ್ದೀರಿ. ಸಂಗೀತ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂಬ ಮಾತಿನ ತಂಟೆಗೆ ನಾನು ಹೋಗುವುದಿಲ್ಲ. ನನಗೆ ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ.

ನಾನು ಇರುವುದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆ. ಹೊಟ್ಟೆಪಾಡಿಗೆ ಅಕ್ಷಯ ಕೇಂದ್ರದಲ್ಲಿ ಕೆಲಸ: ರೇಷನ್ ಕಾರ್ಡ್, ಪಿಂಚಣಿ, ಜಾಗದ ತೆರಿಗೆ ಅಂತ ಬರುವವರ ಅರ್ಜಿ ತುಂಬಿಸಿ ಕಳಿಸುವುದು. ಉಳಿದ ಹೊತ್ತಿನಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಇದರಿಂದ ನನಗೆ ಸಂಪಾದನೆ ಇಲ್ಲ, ಹೆಸರೂ ಇಲ್ಲ. ನಮ್ಮೂರಿನ ಮಹಿಳಾ ಸಂಘದ ಆಚೆ ನನ್ನನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನಾನೇ ಸರಿಯಾದ ಜನ ಅನ್ನಿಸಿತು.

ಘಟ್ಟದ ಮೇಲಿನವರಿಗೆ ತಾಳಮದ್ದಳೆ ಗೊತ್ತಿರುತ್ತದೋ ಇಲ್ಲವೋ. ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ತೆಗೆದುಬಿಡಿ, ಉಳಿಯುವುದು ಅದು. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಆಚೀಚೆ ಕೂತವರು ಆ ಪದ್ಯದ ಅರ್ಥವನ್ನು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಬರೆದದ್ದು, ಮಾತು ಬರೆದದ್ದಲ್ಲ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮತ್ತೆ ಆಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ದೇವಸ್ಥಾನದ ಗೋಪುರ, ಮನೆಯ ಜಗಲಿ, ಭಜನಾ ಮಂದಿರ ಎಲ್ಲ ಕಡೆ ತಾಳಮದ್ದಳೆ ಕೂಟಗಳು.

ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಕಥೆಗಳಿಗೆ ಬರೆದ ಪದ್ಯಗಳನ್ನು ಇನ್ನೂರು ವರ್ಷ ಕಳೆದರೂ ನಾವು ಹಾಡುತ್ತಿದ್ದೇವೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ? ಹೆಂಡತಿಯನ್ನು ಬಿಡಿಸಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ಸುಗ್ರೀವನ ಸಹವಾಸ ಯಾಕೆ? ರಾಮನಿಗೆ ಉತ್ತರ ಇಲ್ಲದಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಈ ಭೂಮಿ ಇಕ್ಷ್ವಾಕುಗಳ ಆಳ್ವಿಕೆಯದು, ದಂಡಿಸುವ ಅಧಿಕಾರ ನನಗಿದೆ, ಮೃಗಗಳನ್ನು ಬೇಟೆಯಾಡುವವರು ಮರೆಯಲ್ಲೇ ನಿಲ್ಲುತ್ತಾರೆ. ಈ ಕೊನೆಯ ಮಾತು ಹೇಳಿದ ರಾಮ ಸಿಕ್ಕಿಬಿದ್ದ ಎಂದೇ ಲೆಕ್ಕ. "ಮೃಗವೆಂದ ಮೇಲೆ ನನಗೆ ಮನುಷ್ಯರ ಧರ್ಮ ಯಾಕೆ ಅನ್ವಯಿಸುತ್ತೀ?" ಎಂದು ವಾಲಿ ಹಿಡಿಯುತ್ತಾನೆ.

ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಬೇಕು, ಸಾಯುವ ಮೊದಲು ರಾಮನನ್ನು ಒಪ್ಪಬೇಕು. ಅಷ್ಟರೊಳಗೆ ಯಾರ ವಾದ ಗಟ್ಟಿ ಎಂಬುದು ಮಾತ್ರ ಆ ರಾತ್ರಿಯೇ ತೀರ್ಮಾನವಾಗಬೇಕು. ಕೂಟ ಮುಗಿದು ಕೊಡೆ ಬಿಚ್ಚುವಾಗ "ಇವತ್ತು ವಾಲಿಯದ್ದೇ ಮೇಲಾಯಿತು ಮಾರಾಯ್ರೇ" ಎಂದು ಜನ ಹೇಳುವುದುಂಟು, ರಾಮನ ಭಕ್ತರೂ ಹೇಳುತ್ತಾರೆ. ಈ ತಿಂಗಳು ವಾಲಿಯಾಗಿ ರಾಮನನ್ನು ತರಾಟೆಗೆ ತೆಗೆದುಕೊಂಡವಳು ಬರುವ ತಿಂಗಳು ರಾಮನಾಗಿ ಕೂರಬೇಕಾಗುತ್ತದೆ. ಆಗ ನನ್ನದೇ ಹಳೆಯ ಪ್ರಶ್ನೆ ಎದುರಿನವರ ಬಾಯಲ್ಲಿ ಬರುತ್ತದೆ, ಅದಕ್ಕೆ ನಾನೇ ಉತ್ತರ ಹುಡುಕಬೇಕು.

ಇದಕ್ಕೆ ಕೆಲವು ಮರ್ಯಾದೆಗಳುಂಟು. ಎದುರಿನವರು ಹೇಳಿದ್ದನ್ನು ಹಿಡಿದೇ ಮಾತು ಮುಂದುವರಿಸಬೇಕು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಸುರಿಯುವಂತಿಲ್ಲ. ಎದುರಿನವರ ಬಾಯಿ ಪೂರ್ತಿ ಮುಚ್ಚಿಸುವಂತೆಯೂ ಇಲ್ಲ, ಮುಚ್ಚಿಸಿದರೆ ಪ್ರಸಂಗವೇ ನಿಲ್ಲುತ್ತದೆ. ತೀರಾ ಉದ್ದವಾಯಿತೋ, ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ್ಯ ಎತ್ತುತ್ತಾರೆ; ಎಂಥಾ ವಿದ್ವಾಂಸನಾದರೂ ಅಲ್ಲಿಗೆ ಬಾಯಿ ಮುಚ್ಚಬೇಕು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಇದ್ಯಾವುದನ್ನೂ ಕಲಿಯಲಿಲ್ಲ. ಅಲ್ಲಿ ಎದುರಿನವರು ಮಾತಾಡುವಾಗ ನಾವು ನಮ್ಮ ಚೀಟಿ ನೋಡಿಕೊಂಡಿರುತ್ತಿದ್ದೆವು.

ಇದರಿಂದ ನನ್ನ ಬದುಕಿನಲ್ಲಿ ಆದದ್ದು ಕೆಲಸದ ಮೇಜಿನ ಮುಂದೆ. ಪಿಂಚಣಿ ನಿಂತು ಸಿಟ್ಟಲ್ಲಿ ಬರುವ ಅಜ್ಜ ಒಂದು ಕಡೆಯಿಂದ ಬೈಯುತ್ತಾ ಬರುತ್ತಾರೆ. ಪೂರ್ತಿ ಕೇಳುತ್ತೇನೆ. ಆಮೇಲೆ ಅವರ ದೂರನ್ನು ಅವರಿಗಿಂತ ಚೆನ್ನಾಗಿ ಅವರಿಗೇ ಹೇಳುತ್ತೇನೆ, "ಹೌದು, ನೀವು ಹೇಳುವುದು ಹೀಗಲ್ಲವಾ?" ಅಂತ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಬಳಿಕ ಯಾವ ದಾಖಲೆ ಬಾಕಿ ಎಂದು ಹೇಳಿದರೆ ಕಿವಿಗೆ ಹೋಗುತ್ತದೆ. ಜೊತೆಯಲ್ಲಿರುವ ಹುಡುಗಿ ಇದನ್ನು ತಾಳ್ಮೆ ಅನ್ನುತ್ತಾಳೆ. ತಾಳ್ಮೆ ಅಲ್ಲ, ನನಗೆ ಅದು ಇಲ್ಲವೆಂದು ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಇದು ಕೂಟದ ಅಭ್ಯಾಸ.

ಇನ್ನೊಂದು ವಿಷಯ ಈ ಊರಿಗೇ ಸೇರಿದ್ದು. ಸಪ್ತಭಾಷಾ ಸಂಗಮಭೂಮಿ ಎಂದು ಇದನ್ನು ಹೊಗಳುತ್ತಾರೆ. ಒಂದೇ ಬಸ್ಸಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಕೇಳಿಸುವುದು ನಿಜ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗದ ವರದಿ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಎಂದಿತು. ಆ ವರದಿ ಜಾರಿಯಾಗದೆ ಉಳಿಯಿತು. ಕಚೇರಿಯ ಕಾಗದ ಮಲಯಾಳದಲ್ಲಿ, ಮಕ್ಕಳ ಮುಂದಿನ ದಾರಿ ಇಂಗ್ಲಿಷಿನಲ್ಲಿ. ಹೀಗಿದ್ದೂ ಮನೆಯಲ್ಲಿ ತುಳುವೋ ಮಲಯಾಳವೋ ಆಡುವ ಕೂಲಿ ಕೆಲಸದವರೊಬ್ಬರು ಕೌರವನಾಗಿ ಕೂತರೆ ಒಂದು ಗಂಟೆ ಇಂಗ್ಲಿಷ್ ಪದ ಬೆರೆಯದ ಕನ್ನಡ ಆಡುತ್ತಾರೆ. ಆ ಕನ್ನಡ ಇಲ್ಲಿ ಯಾರ ಅಡುಗೆಮನೆಯ ಭಾಷೆಯೂ ಅಲ್ಲ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಸಮಾನ ಹಕ್ಕು. ಶಾಲೆಗಿಂತ ಯಕ್ಷಗಾನದಿಂದಲೇ ಇಲ್ಲಿ ಕನ್ನಡ ಉಳಿದದ್ದು ಎಂಬುದು ನನ್ನ ಅಭಿಪ್ರಾಯ, ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ರಾಜ್ಯಮಟ್ಟದ್ದು ನಮ್ಮ ಕಾಞಂಗಾಡಿನಲ್ಲೇ ನಡೆಯಿತು. ಕನ್ನಡ ಒಂದಕ್ಷರ ಬಾರದ ಮಕ್ಕಳು ಮಲಯಾಳ ಲಿಪಿಯಲ್ಲಿ ಮಾತು ಬರೆದುಕೊಂಡು ಕಲಿಯುವುದನ್ನು ನೋಡಿದ್ದೇನೆ. ಗ್ರೇಸ್ ಮಾರ್ಕಿನ ಆಸೆ ಅನ್ನಿ, ಪರವಾಗಿಲ್ಲ. ದೇವಿ ಮಹಿಷಾಸುರರ ಮಾತು ಒಮ್ಮೆ ಬಾಯಿಗೆ ಹತ್ತಿದರೆ ಮಾರ್ಕು ಮರೆತರೂ ಅದು ಹೋಗುವುದಿಲ್ಲ.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ವಕೀಲರಿಗೆಲ್ಲ ಗೊತ್ತು. ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ 1973ರ ತೀರ್ಪು ಅವರದೇ ಮೊಕದ್ದಮೆಯದು. ನಮ್ಮ ಕಡೆಯ ಹಳಬರಿಗೆ ಅವರು ಭಾಗವತಿಕೆ ಮಾಡುತ್ತಿದ್ದ ಸ್ವಾಮೀಜಿ. ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿಯರಿಗೆ ಎಷ್ಟು ಹೆಸರಾದರೋ ಬಪ್ಪನಾಡು ಕ್ಷೇತ್ರದ ಕಥೆಯ ಬಪ್ಪ ಬ್ಯಾರಿಯ ಪಾತ್ರಕ್ಕೂ ಅಷ್ಟೇ ಹೆಸರಾದವರು. ಭಟ್ಟರೊಬ್ಬರು ಮುಸ್ಲಿಂ ವ್ಯಾಪಾರಿಯಾಗಿ ರಂಗಕ್ಕೆ ಬಂದರೆ ಅವನ ಮಾತು, ಅವನ ದೇವರು, ಅವನ ಗೌರವ ಎಲ್ಲ ಹೊತ್ತುಕೊಂಡೇ ಬರಬೇಕಲ್ಲ. ನೋಡಿದವರು ಅದನ್ನು ಮನೆಗೂ ಕೊಂಡುಹೋಗಿದ್ದಾರೆ.

ಎಲ್ಲ ಸುಂದರ ಅಂತ ತಿಳಿಯಬೇಡಿ. ವೇಷ ಕಟ್ಟುವ ಚೌಕಿಯಲ್ಲಿ ಜಾತಿ ನೋಡಿದ ಕಾಲ ಇತ್ತು, ಹೆಂಗಸರು ಅರ್ಥ ಹೇಳಿದರೆ ಮೂಗು ಮುರಿದ ಕಾಲ ಇತ್ತು, ಎರಡೂ ಪೂರ್ತಿ ಕಳೆದಿಲ್ಲ. ಮೇಳದ ಕಲಾವಿದರ ಹೆಂಡತಿ ಮಕ್ಕಳನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಆರು ತಿಂಗಳ ನಿದ್ದೆಗೆಟ್ಟ ಬದುಕು, ಮಳೆಗಾಲಕ್ಕೆ ಬೇರೆ ಕೆಲಸ. ಮತ್ತೆ, ಅರ್ಥಧಾರಿಗಳು ಗ್ರಾಮಸಭೆಗೆ ಬಂದರೆ ಬೀದಿದೀಪ ಕೇಳುವುದಕ್ಕೂ ಪೀಠಿಕೆ ಹಾಕುತ್ತಾರೆ. ಭಾಗವತರಿಲ್ಲದ ಸಭೆಯಲ್ಲಿ ಅವರನ್ನು ನಿಲ್ಲಿಸುವವರಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ತರಗತಿ ನಿಲ್ಲಿಸಬೇಡಿ. ಆದರೆ ಅವಳು ಕೋಣೆಯೊಳಗೆ ಒಬ್ಬಳೇ ಕಲಿತು, ವರ್ಷಕ್ಕೊಮ್ಮೆ ವೇದಿಕೆ ಹತ್ತಿ, ಫೋಟೋ ತೆಗೆಸಿಕೊಂಡು ಇಳಿಯುತ್ತಿದ್ದರೆ ನಾನು ಹೇಳಿದ್ದರಲ್ಲಿ ಹೆಚ್ಚಿನದ್ದು ಅವಳಿಗೆ ಸಿಗುವುದಿಲ್ಲ. ಇನ್ನೊಬ್ಬರಿಗೆ ಕಿವಿಗೊಟ್ಟು ಹಾಡಬೇಕಾದ ಜಾಗ ಹುಡುಕಿ: ಭಜನೆಯ ಗುಂಪಾಗಲಿ, ನಾಟಕದ ಮೇಳವಾಗಲಿ, ಮೃದಂಗ ಕಲಿಯುವ ಹುಡುಗನ ಜೊತೆ ಭಾನುವಾರದ ಅಭ್ಯಾಸವಾಗಲಿ. ವಾರದಲ್ಲಿ ಒಂದು ತರಗತಿ ಕಡಿಮೆ ಮಾಡಿ ಇದಕ್ಕೆ ಕೊಟ್ಟರೂ ನಷ್ಟವಿಲ್ಲ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಈ ಕಡೆ ಬಂದರೆ ಒಂದು ಕೂಟಕ್ಕೆ ಕರೆದುಕೊಂಡು ಬನ್ನಿ. ಟಿಕೆಟ್ ಇಲ್ಲ, ಕೊನೆಯ ಬಸ್ಸು ಮಾತ್ರ ನೋಡಿಕೊಳ್ಳಿ.